ಕಿರುನೀರು

ಐದನೇ ತಿಂಗಳಲ್ಲಿ ನಿನಗಿನ್ನೂ ಮುಖವಿರಲಿಲ್ಲ ನನ್ನೊಳಗೆ,
ಎಡಗಡೆಯ ಮೂತ್ರಪಿಂಡವೊಂದೇ ಇತ್ತು:
ಎಂಟು ಮಿಲಿಮೀಟರು.
ಸತ್ಯಮಂಗಲದ ಸ್ಕ್ಯಾನಿಂಗ್ ಕೋಣೆ, ಹೊಟ್ಟೆಯ ಮೇಲೆ ತಣ್ಣನೆ ಜೆಲ್ಲು,
ಡಾಕ್ಟರಮ್ಮ ಹೇಳಿದರು,
"ಸಿರುನೀರಗತ್ತುಲ ಕೊಂಜಂ ವೀಕ್ಕಂ."
ವೀಕ್ಕಂ ತಿಳಿಯಿತು, ಬಾವು.
ತಾಳವಾಡಿಯವರಿಗೆ ಅಷ್ಟು ತಮಿಳನ್ನು ಬಸ್ಸೇ ಕಲಿಸುತ್ತದೆ.
ಇನ್ನೊಂದು ಪದವನ್ನು ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಬಂದೆ,
ಸಿರು ನೀರು, ಕಿರು ನೀರು.
ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಮುಗಿಯುವಷ್ಟರಲ್ಲಿ
ಅದು ನಮ್ಮ ಮಾತೇ ಆಗಿತ್ತು.

ನಿನ್ನಪ್ಪ ನಾಗಮಲ್ಲು ಊರಿನ ನೀರುಗಂಟಿ.
ಯಾವ ಬೀದಿಗೆ ಎಷ್ಟು ಹೊತ್ತು, ಯಾವ ವಾಲ್ವಿಗೆ ಎಷ್ಟು ಸುತ್ತು,
ಎಲ್ಲಿ ಬೇರು ಹೊಕ್ಕು ಪೈಪು ಕಟ್ಟಿದೆ, ಕೈಗೆ ಗೊತ್ತು.
ರಿಪೋರ್ಟನ್ನು ದೀಪಕ್ಕೆ ಹಿಡಿದು
"ಕೆಳಗೆಲ್ಲೋ ಕಟ್ಟದೆ, ಅದ್ಕೇ ಮ್ಯಾಲೆ ತುಂಬ್ಕಂಡದೆ" ಅಂದ.
ಅಂದವನು ತನ್ನ ಕೈ ನೋಡಿಕೊಂಡ.
ಆ ಪೈಪಿಗೆ ಸ್ಪಾನರು ಹೋಗುವುದಿಲ್ಲ.

ಏಳರಲ್ಲಿ ಹನ್ನೊಂದು. ಒಂಬತ್ತರಲ್ಲಿ ಹದಿನಾಲ್ಕು.
ಅತ್ತೆ ಚೆನ್ನಾಜಮ್ಮ ಬಾರ್ಲಿ ಗಂಜಿ ಕುಡಿಸಿದಳು,
ಗ್ರಹಣದ ದಿನ ನಾನು ಸೌತೆಕಾಯಿ ಕೊಯ್ದದ್ದನ್ನು ನೆನಪಿಸಿದಳು.
ಆ ದಿನ ನಾನು ಕೊಯ್ದದ್ದು ಚೆಂಡುಹೂವು, ಅದೂ ಕೂಲಿಗೆ.
ಇದು ಯಾರು ಏನು ಮಾಡಿದ್ದರಿಂದಲೂ ಬಂದದ್ದಲ್ಲ, ಅಂದಿದ್ದರು ಡಾಕ್ಟರಮ್ಮ.
ಆ ಮಾತನ್ನು ತಮಿಳಿನಲ್ಲೇ ಇಟ್ಟುಕೊಂಡೆ,
ಕನ್ನಡಕ್ಕೆ ತಂದರೆ ಅತ್ತೆಯೆದುರು ಸೋರಿಹೋದೀತು ಅಂತ.

ಹುಟ್ಟಿದ ದಿನವೇ ನೋಡಿ ಅಂತ ಗೋಗರೆದೆವು.
ಬೇಡ, ಅಂದರು.
ಮೊದಲೆರಡು ದಿನ ಕೂಸಿನ ಮೈಯಲ್ಲಿ ನೀರು ಕಮ್ಮಿ,
ಬಾವು ಇಳಿದಂತೆ ತೋರುತ್ತದೆ, ಮಿಷನ್ನು ಸುಳ್ಳು ಹೇಳುತ್ತದೆ.
ಹಾಲು ಕುಡಿಯಲಿ, ಆಮೇಲೆ ಕೇಳೋಣ.
ಅಲ್ಲಿಯವರೆಗೆ ಧಾರೆ ನೋಡಿ. ಗಂಡು ಕೂಸು.
ತೊಟ್ಟಿಕ್ಕಿದರೆ ಕೂಡಲೇ ಹೇಳಿ, ಹಾರಿದರೆ ಅರ್ಧ ಭಯ ಕಳೆಯಿತು.
ಬಟ್ಟೆ ಬಿಚ್ಚಿ ಸುತ್ತ ಕೂತೆವು ಮೂವರೂ,
ನಲ್ಲಿ ಬರುವ ಹೊತ್ತಿಗೆ ಬೀದಿ ಕೊಡಪಾನ ಹಿಡಿದು ಕೂರುವ ಹಾಗೆ.
ನರ್ಸು ತಮಿಳ್‌ಸೆಲ್ವಿಯ ಕೈಗಡಿಯಾರಕ್ಕೇ ತಾಗಿತು ಅದು.
ನಿನ್ನಪ್ಪ ಗೋಡೆಯ ಕಡೆ ತಿರುಗಿಕೊಂಡ.

ನಾಲ್ಕನೇ ದಿನ, ಹದಿಮೂರು.
ಕತ್ತರಿ ಈಗ ಬೇಡ. ಬಹಳಷ್ಟು ತಾವೇ ಇಳಿಯುತ್ತವೆ.
ಕೆಲವು ಇಳಿಯುವುದಿಲ್ಲ.
ರಾತ್ರಿಗೊಮ್ಮೆ ಅರ್ಧ ಎಂ.ಎಲ್. ಗುಲಾಬಿ ಔಷಧಿ.
ಜ್ವರ ಬಂದರೆ ಮಾತ್ರ ಕಾಯಬೇಡಿ, ಒಂದು ಗಳಿಗೆಯೂ.

ಕಾಯಬೇಡಿ ಅನ್ನುವುದು ಘಾಟಿಯ ಕೆಳಗಿನವರ ಮಾತು.
ನಮ್ಮ ಕಾಡಿನ ಗೇಟು ರಾತ್ರಿ ಒಂಬತ್ತಕ್ಕೆ ಬೀಳುತ್ತದೆ,
ಆಮೇಲೆ ದಾರಿ ಆನೆಗಳದ್ದು.
ಆಂಬುಲೆನ್ಸಿಗೆ ತೆಗೆಯುತ್ತಾರೆ, ಆಂಬುಲೆನ್ಸು ಊರಲ್ಲಿದ್ದರೆ.
ಇಪ್ಪತ್ತಾರನೇ ರಾತ್ರಿ ನಿನ್ನ ಹಣೆ ಸುಟ್ಟಿತು.
ಹತ್ತೂವರೆ. ಸಿಗ್ನಲ್ಲಿಗಾಗಿ ನಿನ್ನಪ್ಪ ನೀರಿನ ಟ್ಯಾಂಕಿನ ಏಣಿ ಹತ್ತಿದ.
ನಾನು ಬಿಚ್ಚುತ್ತಾ ಹೋದೆ:
ಕಂಬಳಿ, ಸ್ವೆಟರು, ಅದರಡಿ ಇನ್ನೊಂದು ಸ್ವೆಟರು, ಎರಡು ಟೋಪಿ,
ಅಷ್ಟೂ ಅತ್ತೆ ಹೊದಿಸಿದ್ದು.
ಬರಿಮೈಯಲ್ಲಿ ಕಾಲುಗಂಟೆ. ಥರ್ಮಾಮೀಟರು ಹೇಳಿತು,
ತೊಂಬತ್ತೆಂಟು ಚಿಲ್ಲರೆ.
"ಜ್ವರ ಇಲ್ಲ, ಇಳ್ದು ಬಾ" ಅಂತ ಕತ್ತಲೆಗೆ ಕೂಗಿದೆ.
ಬಹಳ ಹೊತ್ತು ಇಳಿಯಲಿಲ್ಲ ಅವನು.

ಮೂರು ತಿಂಗಳಿಗೆ ಹತ್ತು. ಬಲಗಡೆಯದು ಸರಿಯಿದೆ.
ಇನ್ನಾರು ತಿಂಗಳು ಬಿಟ್ಟು ಬನ್ನಿ.
ಹತ್ತು ಅಂದರೆ ವಾಸಿಯೇ, ಕೇಳಿದೆ.
ಹತ್ತು ಅಂದರೆ ಹತ್ತು, ಅಂದರು ಡಾಕ್ಟರಮ್ಮ, ನಕ್ಕರು.

ಬಣ್ಣಾರಿ ದಾಟಿ ಹದಿನಾಲ್ಕನೆಯದೋ ಹದಿನೈದನೆಯದೋ ತಿರುವು.
ನನ್ನ ಮಡಿಲಿಂದ ಹಾರಿ
ಪಕ್ಕದ ಸೀಟಿನ ಹೆಂಗಸಿನ ಸೆರಗಿಗೂ ಬಿತ್ತು.
"ಪರವಾಯಿಲ್ಲೆಮ್ಮಾ, ಸಿರುನೀರುದಾನೆ" ಅಂದಳು ಅವಳು.
ಅವಳ ಸೆರಗನ್ನು ಒರೆಸಿಕೊಟ್ಟೆ.
ನನ್ನ ಮಡಿಲನ್ನು ಹಾಗೇ ಬಿಟ್ಟೆ,
ಹಾಸನೂರಿನ ಚಳಿ ತಾಗುವವರೆಗೂ ಬೆಚ್ಚಗಿತ್ತು.